ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ನಾವು ಕಲಿಸದ ಪಾಠ

ಹೋಟೆಲಿನಲ್ಲಿ ಒಬ್ಬರನ್ನು ಮೆನೇಜರರನ್ನಾಗಿ ಗಲ್ಲಾಪೆಟ್ಟಿಗೆಯ ಮುಂದೆ ಕುಳ್ಳಿರಿಸುವಾಗ ನಾವು ಅವರಿಗೆ ಏನನ್ನು ಕಲಿಸುತ್ತೇವೆ? ಬೆಳಗಿನ ಹಾಲಿನ ಲೆಕ್ಕ, ತರಕಾರಿಯ ತೂಕ, ಗ್ಯಾಸು ಸಿಲಿಂಡರುಗಳ ಎಣಿಕೆ, ಬಿಲ್ಲಿಗೂ ಪೆಟ್ಟಿಗೆಗೂ ತಾಳೆ ನೋಡುವ ಕ್ರಮ, ನಗರಪಾಲಿಕೆಯ ಅಧಿಕಾರಿ ಬಂದರೆ ತೋರಿಸತಕ್ಕ ಕಾಗದಪತ್ರಗಳು, ಸಿಟ್ಟಾದ ಗಿರಾಕಿಯನ್ನು ಸಮಾಧಾನಪಡಿಸುವ ರೀತಿ, ಇವೆಲ್ಲವನ್ನೂ ಕಲಿಸುತ್ತೇವೆ. ದೋಸೆಯ ಹಿಟ್ಟು ಹೆಚ್ಚು ಹುಳಿಯಾದರೆ ಏನು ಮಾಡಬೇಕೆಂಬುದನ್ನು ಸಹ ಕಲಿಸುತ್ತೇವೆ. ಆದರೆ ತನ್ನ ಕೈಕೆಳಗಿನ ಇಪ್ಪತ್ತು ಮಂದಿಯಲ್ಲಿ ಒಬ್ಬನ ಮನಸ್ಸು ದಣಿದು ಕುಸಿಯತೊಡಗಿದರೆ ಏನು ಮಾಡಬೇಕೆಂಬುದನ್ನು ಕಲಿಸುವುದಿಲ್ಲ. ನಾನೂ ಕಲಿಸಿರಲಿಲ್ಲ. ನನಗೂ ಯಾರೂ ಕಲಿಸಿರಲಿಲ್ಲ.

ಪತ್ರಿಕೆಯ ಈ ಮೇಜಿಗೆ ಬರುವ ಮೊದಲು ಮುಂಬಯಿಯ ಉಪನಗರವೊಂದರಲ್ಲಿ ಹಲವು ವರ್ಷ ಹೋಟೆಲು ನಡೆಸಿದವನು ನಾನು. ಓದಿದ್ದು ಎಸ್.ಎಸ್.ಎಲ್.ಸಿ. ತನಕ. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದಾಗ್ಯೂ ಇದನ್ನು ಬರೆಯಲು ಕುಳಿತಿರುವುದಕ್ಕೆ ಕಾರಣ, 2013ನೆಯ ಇಸವಿಯಲ್ಲಿ ನನ್ನ ಹೋಟೆಲಿನಲ್ಲೇ ನಡೆದ ಒಂದು ಸಂಗತಿ. ಅದನ್ನು ಮುಚ್ಚಿಡದೆ ಮೊದಲು ಹೇಳಿಬಿಡುವುದೇ ಯೋಗ್ಯವೆಂದು ತೋರುತ್ತದೆ.

ಒಬ್ಬ ಅಣ್ಣ ಕೇಳಿದ ಪ್ರಶ್ನೆ

ಕುಂದಾಪುರದ ಕಡೆಯ ಒಬ್ಬ ಸಪ್ಲಾಯರ್ ನಮ್ಮಲ್ಲಿ ಒಂಬತ್ತು ವರ್ಷಗಳಿಂದ ಇದ್ದ. ಆರು ಮೇಜುಗಳ ಆರ್ಡರನ್ನು ಕಾಗದವಿಲ್ಲದೆ ನೆನಪಿಟ್ಟುಕೊಂಡು ಬಂದು ಒಂದೂ ತಪ್ಪದಂತೆ ಕೂಗುವ ಹುಡುಗ. ಗಿರಾಕಿಗಳು ಅವನನ್ನೇ ಹುಡುಕಿಕೊಂಡು ಬಂದು ಅವನ ಮೇಜಿನಲ್ಲಿ ಕೂರುತ್ತಿದ್ದುದುಂಟು. ಆ ವರ್ಷದ ಮಳೆಗಾಲದ ಹೊತ್ತಿಗೆ ಅವನು ಆರ್ಡರು ಮರೆಯತೊಡಗಿದ. ಇಡ್ಲಿ ಕೇಳಿದವರಿಗೆ ಉಪ್ಪಿಟ್ಟು ತಂದಿಡುತ್ತಿದ್ದ. ಕೈಯಿಂದ ಗ್ಲಾಸುಗಳು ಜಾರತೊಡಗಿದವು. ಮಾತು ಕಡಿಮೆಯಾಯಿತು. ಊಟದ ಪಂಕ್ತಿಗೆ ಎಲ್ಲರೂ ಕುಳಿತಾಗ ತನಗೆ ಹಸಿವಿಲ್ಲವೆಂದು ಹೊರಗೆ ಹೋಗಿ ನಿಲ್ಲುತ್ತಿದ್ದ.

ಮೆನೇಜರರು ಮೂರು ಸಲ ನನಗೆ ದೂರು ತಂದರು. ಮೂರನೆಯ ಸಲ ನಾನು, "ಒಡೆದ ಗ್ಲಾಸಿನ ಹಣ ಅವನ ಸಂಬಳದಲ್ಲಿ ಕಡಿಯಿರಿ, ತಾನಾಗಿ ದಾರಿಗೆ ಬರುತ್ತಾನೆ" ಎಂದೆ. ಅವರು ಹಾಗೆಯೇ ಮಾಡಿದರು. ಕೆಲವು ದಿನಗಳಲ್ಲಿ ಅವನು ಯಾರಿಗೂ ಹೇಳದೆ ಪೆಟ್ಟಿಗೆ ಹಿಡಿದುಕೊಂಡು ಊರಿನ ಬಸ್ಸು ಹತ್ತಿದ. ಬೇರೆ ಹೋಟೆಲಿನವರು ಹೆಚ್ಚು ಸಂಬಳದ ಆಸೆ ತೋರಿಸಿರಬೇಕೆಂದು ನಾವು ಮಾತಾಡಿಕೊಂಡೆವು.

ಎರಡು ತಿಂಗಳ ಮೇಲೆ ಅವನ ಅಣ್ಣ ಬಾಕಿ ಸಂಬಳದ ಲೆಕ್ಕ ತೀರಿಸಿಕೊಳ್ಳಲು ಬಂದರು. ತಮ್ಮ ಊರಿಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡನೆಂದೂ, ಒಂದು ಸಂಜೆ ಬಾವಿಕಟ್ಟೆಯ ಮೇಲೆ ಹತ್ತಿ ನಿಂತಿದ್ದವನನ್ನು ನೆರೆಯವರು ನೋಡಿ ಹಿಡಿದೆಳೆದರೆಂದೂ, ಈಗ ಆಸ್ಪತ್ರೆಯ ಔಷಧ ನಡೆದಿದೆಯೆಂದೂ ಹೇಳಿದರು. ನಾನು ಲೆಕ್ಕಪುಸ್ತಕ ತೆರೆದು ಓದತೊಡಗಿದೆ. "ಗ್ಲಾಸು ಏಳು" ಎಂದು ಬರೆದಿದ್ದ ಸಾಲಿಗೆ ಬಂದಾಗ ನನ್ನ ಸ್ವರ ತಾನಾಗಿಯೇ ತಗ್ಗಿತು. ಅವರು ಸಿಟ್ಟಾಗಲಿಲ್ಲ. "ಆರು ತಿಂಗಳಿನಿಂದ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. ಇಷ್ಟು ಜನ ಇದ್ದೀರಿ, ನಿಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲವೆ ಧಣಿಗಳೇ?" ಎಂದಷ್ಟೇ ಕೇಳಿದರು.

ಆ ಪ್ರಶ್ನೆಗೆ ನಿಜವಾದ ಉತ್ತರವೇನೆಂದರೆ ಎಲ್ಲರಿಗೂ ಗೊತ್ತಿತ್ತು. ಅಟ್ಟದ ಮೇಲೆ ಅವನ ಪಕ್ಕದಲ್ಲಿ ಮಲಗುತ್ತಿದ್ದವರಿಗೆ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಅವನು ಎದ್ದು ಕುಳಿತಿರುವುದನ್ನು ಭಟ್ಟರು ನೋಡಿದ್ದರು. ಮೆನೇಜರರಿಗೆ ಗೊತ್ತಿತ್ತು. ನನಗೂ ಮೂರು ಸಲ ತಿಳಿಸಲಾಗಿತ್ತು. ಗೊತ್ತಿದ್ದುದನ್ನು ಇಟ್ಟುಕೊಂಡು ಏನು ಮಾಡಬೇಕೆಂಬುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಂದು ರಾತ್ರಿ ಬಾಗಿಲು ಹಾಕಿದ ಮೇಲೆ ಮೆನೇಜರರನ್ನು ಕರೆದು, "ನಿಮಗಾದರೂ ತಿಳಿಯಬಾರದಿತ್ತೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಆಗ ನಿದ್ದೆ ಇರಲಿಲ್ಲ ಧಣಿ. ನನ್ನನ್ನು ಯಾರು ಕೇಳಿದರು?" ಎಂದರು. ಎರಡು ಪ್ರಶ್ನೆಗಳು ಒಂದೇ ದಿನ ಬಂದವು. ಈ ಲೇಖನ ಅವೆರಡಕ್ಕೂ ತಡವಾಗಿ ಬರೆದ ಉತ್ತರವೆಂದು ಓದುಗರು ತಿಳಿಯಬೇಕು.

ಇದು ಸೋಮಾರಿತನವಲ್ಲ

ನಮ್ಮ ಕಸುಬಿನ ದಿನಚರಿಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಗಿನ ಜಾವದಲ್ಲಿ ಒಲೆ ಹೊತ್ತಿಸಿದರೆ ರಾತ್ರಿ ಹನ್ನೊಂದಕ್ಕೆ ನೆಲ ತೊಳೆಯುವ ತನಕ ಕೆಲಸ. ನಡುವೆ ಮಧ್ಯಾಹ್ನದ ಸ್ವಲ್ಪ ಬಿಡುವು. ಮಲಗುವುದು ಹಲವರೊಂದಿಗೆ. ಹೆಂಡತಿ ಮಕ್ಕಳು ಊರಿನಲ್ಲಿ. ಹಬ್ಬ ಬಂದರೆ ಉಳಿದವರಿಗೆ ರಜೆ, ನಮಗೆ ಹೆಚ್ಚಿನ ಗಿರಾಕಿ. ಇಂದು ನಮ್ಮ ಹೋಟೆಲುಗಳಲ್ಲಿ ಒಡಿಶಾ, ಜಾರ್ಖಂಡ, ಬಂಗಾಳ, ನೇಪಾಳಗಳ ಹುಡುಗರೂ ಅನೇಕರಿದ್ದಾರೆ. ತನ್ನ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳಲು ಒಬ್ಬ ಜೊತೆಗಾರನೂ ಇಲ್ಲದವರು ಅವರಲ್ಲಿದ್ದಾರೆ. ಆಫೀಸಿನ ಗುಮಾಸ್ತ ಬಂಧುಗಳ ಸ್ಥಿತಿ ಬೇರೆ ತರದ್ದು: ಎರಡು ಗಂಟೆಯ ಲೋಕಲ್ ಗಾಡಿಯ ಪ್ರಯಾಣ, ತಿಂಗಳ ಕೊನೆಯ ಲೆಕ್ಕ, ಮೇಲಧಿಕಾರಿಯ ಒಂದು ಕಟು ಮಾತನ್ನು ಮನೆಗೆ ಹೊತ್ತುಕೊಂಡು ಹೋಗುವ ಸಂಕಟ. 2020ರ ಮಾರ್ಚಿನಲ್ಲಿ ಕೊರೋನಾ ನಿಮಿತ್ತ ಹೋಟೆಲುಗಳು ಮುಚ್ಚಿದಾಗ, ಸಂಬಳವಿದೆಯೋ ಇಲ್ಲವೋ, ಊರಿಗೆ ಗಾಡಿಯಿದೆಯೋ ಇಲ್ಲವೋ ತಿಳಿಯದೆ ಅಟ್ಟಗಳಲ್ಲಿ ದಿನ ಎಣಿಸಿದವರ ಮುಖಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ.

ದಣಿವು ಬೇರೆ, ರೋಗ ಬೇರೆ. ಒಂದು ದಿನ ಮಲಗಿ ಎದ್ದರೆ ದಣಿವು ಕಳೆಯುತ್ತದೆ. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವುಗಳು ಕೆಡುವುದು, ನೆನಪು ತಪ್ಪುವುದು, ತಾನು ಯಾವ ಪ್ರಯೋಜನಕ್ಕೂ ಇಲ್ಲದವನೆಂಬ ಭಾವನೆ ಬರುವುದು ಖಿನ್ನತೆಯ ಲಕ್ಷಣಗಳು. ಕಾರಣವಿಲ್ಲದೆ ಎದೆ ಡವಗುಟ್ಟುವುದು, ಸದಾ ಏನೋ ಕೆಡುಕಾಗುವುದೆಂಬ ಹೆದರಿಕೆ ಆತಂಕದ ಲಕ್ಷಣಗಳು. ಇವು ಸೋಮಾರಿತನವಲ್ಲ, ಸೊಕ್ಕೂ ಅಲ್ಲ, ಯಾರೋ ಮಾಡಿಸಿದ ಮಾಟವೂ ಅಲ್ಲ. ಚಿಕಿತ್ಸೆಯಿಂದ ಗುಣ ಕಾಣುವ ಕಾಯಿಲೆಗಳು.

ಎಷ್ಟು ಜನರಿಗೆ ಹೀಗಾಗುತ್ತದೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಪ್ರಾಯಕ್ಕೆ ಬಂದವರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಆ ವೇಳೆಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದ್ದುದು ಕಂಡುಬಂದಿತು. ಇಪ್ಪತ್ತು ಕೆಲಸಗಾರರ ಒಂದು ಹೋಟೆಲಿಗೆ ಈ ಸರಾಸರಿಯನ್ನು ಹಾಕಿದರೆ ಇಬ್ಬರಾದರು. ಕಾಯಿಲೆಯ ಬಗೆಯನ್ನನುಸರಿಸಿ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲವೆಂದೂ ಅದೇ ಸಮೀಕ್ಷೆ ಹೇಳುತ್ತದೆ. ಖಿನ್ನತೆ ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 1200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದೂ, ಅದರ ಬೆಲೆ ಸುಮಾರು ಒಂದು ಲಕ್ಷ ಕೋಟಿ ಡಾಲರುಗಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಏಳು ಗ್ಲಾಸಿನ ಲೆಕ್ಕ ಬರೆಯುವ ನಾವು ಈ ಲೆಕ್ಕವನ್ನು ಬರೆದೇ ಇಲ್ಲ.

ನಾಲ್ಕು ಗಂಟೆಯ ತರಬೇತಿ

ವೈದ್ಯನಲ್ಲದ ಮೆನೇಜರ್ ಇದರಲ್ಲಿ ಏನು ಮಾಡಿಯಾನು ಎಂದು ಕೇಳುವವರುಂಟು. ಅವರಿಗೆ ಆಸ್ಟ್ರೇಲಿಯದ ಒಂದು ಪ್ರಯೋಗವನ್ನು ತಿಳಿಸಬೇಕಾಗಿದೆ. ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದ ಅಗ್ನಿಶಾಮಕ ದಳದ 128 ಮಂದಿ ಮೇಲಧಿಕಾರಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ನಾಲ್ಕು ಗಂಟೆಗಳ ತರಬೇತಿ ಕೊಟ್ಟರು. ಇನ್ನೊಂದು ಗುಂಪನ್ನು ಕಾಯಿಸಿದರು. ಕಲಿಸಿದ್ದು ಇಷ್ಟೇ: ಮನಸ್ಸಿನ ಸಾಮಾನ್ಯ ಕಾಯಿಲೆಗಳ ತಿಳುವಳಿಕೆ, ಅಧಿಕಾರಿಯ ಹೊಣೆ, ಮತ್ತು ಕಷ್ಟದಲ್ಲಿರುವ ಕೆಲಸಗಾರನೊಡನೆ ಮಾತನಾಡುವ ರೀತಿ. ಆರು ತಿಂಗಳ ನಂತರ ನೋಡಿದಾಗ, ತರಬೇತಿ ಪಡೆದ ಅಧಿಕಾರಿಗಳ ಕೈಕೆಳಗಿನವರಲ್ಲಿ ಕೆಲಸಕ್ಕೆ ಸಂಬಂಧಿಸಿದ ಕಾಯಿಲೆ ರಜೆ ಶೇಕಡಾ 18ರಷ್ಟು ಇಳಿದಿತ್ತು, ಉಳಿದವರಲ್ಲಿ ಏರಿತ್ತು. ತರಬೇತಿಗೆ ತಗಲಿದ ಪ್ರತಿ ಒಂದು ಪೌಂಡು ಖರ್ಚಿಗೆ ಸುಮಾರು ಹತ್ತು ಪೌಂಡಿನ ಉಳಿತಾಯವಾಯಿತೆಂದು ಲೆಕ್ಕ ಹಾಕಿದರು. 2017ರಲ್ಲಿ "ಲ್ಯಾನ್ಸೆಟ್ ಸೈಕಿಯಾಟ್ರಿ" ಎಂಬ ವೈದ್ಯಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಬೆಂಕಿ ಆರಿಸುವವರಿಗೂ ಬೆಂಕಿಯ ಮುಂದೆ ಬೇಯಿಸುವವರಿಗೂ ವ್ಯತ್ಯಾಸವಿದೆ, ನಿಜ. ಆದರೆ ನಾಲ್ಕು ಗಂಟೆಯಲ್ಲಿ ಕಲಿಯತಕ್ಕದ್ದೊಂದು ಇದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೈದ್ಯರಲ್ಲದವರಿಗೆ, ಅಥವಾ ಮನೋವೈದ್ಯರಲ್ಲದವರಿಗೆ ಕಲಿಸಿ ಕೆಲಸ ನಡೆಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ಶಿಕ್ಷಣ ಕೊಟ್ಟರು. ಆ "ಬಳ್ಳಾರಿ ಮಾದರಿ"ಯನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೆಲಸದ ಸ್ಥಳಗಳ ಮೆನೇಜರರಿಗೆ ಇಂಥ ತರಬೇತಿ ಕೊಡಬೇಕೆಂದು ಸ್ಪಷ್ಟವಾಗಿ ಶಿಫಾರಸು ಮಾಡಲಾಗಿದೆ. ಮೆನೇಜರ್ ರೋಗ ನಿರ್ಣಯ ಮಾಡಬೇಕಾಗಿಲ್ಲ, ಔಷಧ ಹೇಳಬೇಕಾಗಿಲ್ಲ. ಗುರುತಿಸಬೇಕು, ಕೇಳಿಸಿಕೊಳ್ಳಬೇಕು, ಕೆಲಸದ ಭಾರ ಹಗುರಮಾಡಬೇಕು, ಬಲ್ಲವರ ಬಳಿಗೆ ಕಳುಹಿಸಬೇಕು. ಅಷ್ಟೇ ಅವರ ಪಾಲು.

ಕಲಿಸತಕ್ಕ ಐದು ಪಾಠಗಳು

ಮೊದಲನೆಯದು, ನೋಡುವುದು. ಕೆಲಸ ಕೆಟ್ಟಾಗ "ಏಕೆ ಕೆಟ್ಟಿತು" ಎಂದು ಕೇಳುವ ಮೊದಲು "ಇವನು ಮೊದಲು ಹೀಗಿದ್ದನೆ" ಎಂದು ಕೇಳಿಕೊಳ್ಳಬೇಕು. ಒಂಬತ್ತು ವರ್ಷ ತಪ್ಪು ಮಾಡದವನು ಒಂದು ತಿಂಗಳಲ್ಲಿ ಏಳು ಗ್ಲಾಸು ಒಡೆದರೆ ಅದು ಗ್ಲಾಸಿನ ಸುದ್ದಿಯಲ್ಲ. ಊಟ ಬಿಡುವುದು, ಸ್ನಾನ ಬಟ್ಟೆಗಳ ಮೇಲೆ ಗಮನವಿಲ್ಲದಿರುವುದು, ಜೊತೆಗಾರರಿಂದ ದೂರ ಸರಿಯುವುದು, ಹೊಸತಾಗಿ ಕುಡಿತ ಹಿಡಿಯುವುದು, ಸಣ್ಣದಕ್ಕೂ ರೇಗುವುದು, ಇವನ್ನು ಹಾಜರಿ ಪುಸ್ತಕದಷ್ಟೇ ಜಾಗ್ರತೆಯಿಂದ ನೋಡಬೇಕು.

ಎರಡನೆಯದು, ಕೇಳುವುದು. ಗಿರಾಕಿಗಳ ಎದುರಿನಲ್ಲಿ, ಗಲ್ಲಾದ ಮುಂದೆ ನಿಲ್ಲಿಸಿ ಕೇಳಬಾರದು. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕಪ್ಪು ಚಹಾ ತರಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಕಂಡದ್ದನ್ನೇ ಹೇಳಬೇಕು: "ನಾಲ್ಕು ದಿನದಿಂದ ನೀನು ಊಟ ಬಿಡುತ್ತಿರುವುದನ್ನು ನೋಡಿದ್ದೇನೆ ಮಾರಾಯ. ರಾತ್ರಿ ನಿದ್ದೆ ಬರುತ್ತದೆಯೆ? ಊರಿನಲ್ಲಿ ಎಲ್ಲ ಸರಿಯಾಗಿದೆಯೆ?" ಆಮೇಲೆ ಬಾಯಿ ಮುಚ್ಚಿಕೊಂಡು ಕಿವಿ ತೆರೆದಿಡಬೇಕು. ಮೊದಲ ದಿನ ಅವನು ಏನೂ ಹೇಳದಿರಬಹುದು. ಮೂರನೆಯ ದಿನ ಮತ್ತೆ ಕೇಳಬೇಕು. "ತಲೆ ಕೆಟ್ಟಿದೆಯೆ?", "ಎಲ್ಲರಿಗೂ ಕಷ್ಟವಿದೆ", "ಗಂಡಸಾಗಿ ಅಳುತ್ತೀಯಾ?" ಎಂಬ ಮೂರು ಮಾತುಗಳನ್ನು ಮೆನೇಜರರು ನಾಲಗೆಯಿಂದ ಅಳಿಸಿಬಿಡಬೇಕು. ಹೇಳಿದ್ದು ಅಡಿಗೆಮನೆಯಲ್ಲಿ ನಗೆಚಾಟಿಕೆಗೆ ಬಂತೆಂದರೆ ಆ ಹುಡುಗ ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಅವನನ್ನು ನೋಡಿ ಉಳಿದವರೂ ತೆರೆಯುವುದಿಲ್ಲ. ಅವನ ಭಾಷೆ ತಮಗೆ ಬಾರದಿದ್ದರೆ, ಭಾಷೆ ಬಲ್ಲ ಒಬ್ಬನನ್ನು ಅವನ ಒಪ್ಪಿಗೆ ಪಡೆದೇ ಜೊತೆಗೆ ಕೂರಿಸಿಕೊಳ್ಳಬೇಕು.

ಮೂರನೆಯದು, ಕೆಲಸ ಹಗುರ ಮಾಡುವುದು. ಕೆಲವು ದಿನ ಮೇಜಿನಿಂದ ತೆಗೆದು ಉಗ್ರಾಣಕ್ಕೆ ಹಾಕಬಹುದು. ಬೆಳಗಿನ ಪಾಳಿ ಬಿಡಿಸಿ ನಿದ್ದೆಗೆ ಅವಕಾಶ ಮಾಡಬಹುದು. ವಾರದ ರಜೆಯನ್ನು ತಪ್ಪದೆ ಕೊಡಬಹುದು. ಊರಿಗೆ ಹೋಗಿಬರಲು ಬಿಡಬಹುದು. ಇದನ್ನು ಅವನನ್ನು ಕೇಳಿಯೇ ಮಾಡಬೇಕು. ಶಿಕ್ಷೆಯೆಂದು ಅವನಿಗೆ ತೋರಬಾರದು. ಸಂಬಳ ಕಡಿಯುವುದಂತೂ ಔಷಧವಲ್ಲ. ಅದನ್ನು ಮಾಡಿ ನೋಡಿದವನೇ ಹೇಳುತ್ತಿದ್ದೇನೆ.

ನಾಲ್ಕನೆಯದು, ಸರಿಯಾದ ಕಡೆಗೆ ಕಳುಹಿಸುವುದು. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಇರುತ್ತಾರೆಂಬುದನ್ನು ಮೆನೇಜರರು ಮೊದಲೇ ತಿಳಿದಿರಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ "ಟೆಲಿ ಮಾನಸ್" ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡಬಹುದು. ಅಗ್ನಿಶಾಮಕ ದಳದ ಸಂಖ್ಯೆ ಬರೆದಿರುವ ಗೋಡೆಯ ಮೇಲೆಯೇ ಈ ಸಂಖ್ಯೆಯನ್ನೂ ಬರೆದಿಡತಕ್ಕದ್ದು.

ಸಾಯುವ ಮಾತನ್ನು ಯಾರಾದರೂ ಆಡಿದರೆ ಅದನ್ನು ಬೆದರಿಕೆಯೆಂದೋ ನಾಟಕವೆಂದೋ ತಳ್ಳಿಹಾಕಬಾರದು. "ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೆ?" ಎಂದು ನೇರವಾಗಿ ಕೇಳಬಹುದು, ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆ ಹೊರಬರುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ ಜೊತೆಯಲ್ಲೊಬ್ಬರು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೋಲೀಸು ಕೇಸಿನ ಹೆದರಿಕೆಯಿಂದ ಮುಚ್ಚಿಡುವವರೂ ಇದ್ದಾರೆ. 2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಬೇರೆ ರೀತಿ ಸಿದ್ಧವಾಗದ ಹೊರತು ಅವರನ್ನು ವಿಚಾರಣೆಗೂ ಶಿಕ್ಷೆಗೂ ಗುರಿಪಡಿಸಬಾರದೆಂದು ಹೇಳುತ್ತದೆ. ಅವರಿಗೆ ಆರೈಕೆ ಒದಗಿಸುವುದನ್ನು ಸರಕಾರದ ಹೊಣೆಯನ್ನಾಗಿಯೂ ಮಾಡಿದೆ.

ಐದನೆಯದು, ಮರಳಿ ಬಂದವನನ್ನು ಸೇರಿಸಿಕೊಳ್ಳುವುದು. ಕಾಮಾಲೆಯಾಗಿ ಊರಿಗೆ ಹೋದವನು ಗುಣವಾಗಿ ಬಂದರೆ "ಈಗ ಹೇಗಿದ್ದೀ?" ಎಂದು ಕೇಳಿ ಕೆಲಸ ಕೊಡುತ್ತೇವೆ. ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಬಂದವನಿಗೂ ಅದೇ ಮಾತು, ಅದೇ ಮರ್ಯಾದೆ ಸಲ್ಲಬೇಕು. ಔಷಧ ತೆಗೆದುಕೊಳ್ಳುತ್ತಿದ್ದಾನೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಬಾರದು.

ಧಣಿಗಳಿಗೆ ಎರಡು ಮಾತು

"ಇದು ಹೋಟೆಲೋ ಆಸ್ಪತ್ರೆಯೋ?" ಎಂದು ನನ್ನ ಹಳೆಯ ವ್ಯವಸಾಯ ಬಂಧುಗಳು ಕೇಳಬಹುದು. ಹೋಟೆಲೇ. ಕೈ ಸುಟ್ಟುಕೊಂಡವನಿಗೆ ಮುಲಾಮು ಹಚ್ಚಿ ಡಾಕ್ಟರಲ್ಲಿಗೆ ಕಳುಹಿಸಿದರೆ ಹೋಟೆಲು ಆಸ್ಪತ್ರೆಯಾಗುವುದಿಲ್ಲ, ಇದೂ ಹಾಗೆಯೇ. "ಹುಡುಗರು ಇದನ್ನೇ ನೆಪ ಮಾಡಿಕೊಂಡಾರು" ಎನ್ನುವವರಿದ್ದಾರೆ. ಒಬ್ಬಿಬ್ಬರು ಮಾಡಿಕೊಂಡಾರು. ಹೊಟ್ಟೆನೋವಿನ ನೆಪವನ್ನೂ ಕೆಲವರು ಹೇಳುತ್ತಾರೆ. ಅದಕ್ಕಾಗಿ ಹೊಟ್ಟೆನೋವೆಂಬುದೇ ಇಲ್ಲವೆಂದು ನಾವು ತೀರ್ಮಾನಿಸಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಮೆನೇಜರರಿಗೆ ತರಬೇತಿ ಕೊಟ್ಟು, ಹುಡುಗರಿಗೆ ವಾರದ ರಜೆಯನ್ನೂ ಗಾಳಿ ಬೆಳಕಿನ ಮಲಗುವ ಜಾಗವನ್ನೂ ಕೊಡದೆ ಹೋದರೆ, ತೂತಿನ ಕೊಡಕ್ಕೆ ನೀರು ಹೊಯ್ದಂತಾಗುತ್ತದೆ. ಕೆಲಸದ ಕಷ್ಟಕ್ಕೆ ಕಾರಣವಾದ ಪರಿಸ್ಥಿತಿಯನ್ನೇ ತಿದ್ದಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳಿದೆ. ಮತ್ತು ಗಲ್ಲಾದಲ್ಲಿ ಕುಳಿತವರೂ ನಮ್ಮ ಕೆಲಸಗಾರರೇ. ಮೇಲಿನಿಂದ ಧಣಿಯ ಒತ್ತಡ, ಕೆಳಗಿನಿಂದ ಹುಡುಗರ ದೂರು, ಎದುರಿನಿಂದ ಗಿರಾಕಿಯ ಅವಸರ. ಮೂರು ಕಡೆಯಿಂದಲೂ ಅರೆಯಲ್ಪಡುವವರು ಅವರು. ವಾರಕ್ಕೊಮ್ಮೆಯಾದರೂ ಲೆಕ್ಕ ಮುಗಿದ ಮೇಲೆ ಧಣಿಯು, "ನೀವು ಹೇಗಿದ್ದೀರಿ?" ಎಂದು ಅವರನ್ನು ಕೇಳತಕ್ಕದ್ದು. ತನ್ನನ್ನು ಯಾರೂ ಕೇಳದವನು ಇನ್ನೊಬ್ಬನನ್ನು ಕೇಳಲಾರ.

ಈ ತರಬೇತಿಗೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಹೋಟೆಲಿನ ಕೆಲಸ ಮುಗಿಸಿ ಬರುವ ಹುಡುಗರಿಗಾಗಿ ಈ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದವರು ನಮ್ಮ ಹಿರಿಯರು. ಆ ಶಾಲೆಗಳಲ್ಲಿ ಓದಿ ಗುಮಾಸ್ತರಾದವರು, ವಕೀಲರಾದವರು, ಹೋಟೆಲಿನ ಧಣಿಗಳೇ ಆದವರು ನಮ್ಮ ನಡುವೆ ಇದ್ದಾರೆ. ನಮ್ಮ ಸಂಘ ಸಂಸ್ಥೆಗಳಿಗೆ ಸಭಾಗೃಹಗಳಿವೆ; ನಮ್ಮವರೇ ಆದ ವೈದ್ಯರೂ ಇದ್ದಾರೆ. ಮಧ್ಯಾಹ್ನ ಮೂರರಿಂದ ಐದರ ತನಕ, ಗಿರಾಕಿ ಕಡಿಮೆಯಿರುವ ವೇಳೆಯಲ್ಲಿ, ಎರಡು ದಿನ ಮೆನೇಜರರನ್ನು ಸೇರಿಸಿದರೆ ನಾಲ್ಕು ಗಂಟೆಗಳಾದವು. ಆ ಹೊತ್ತಿನ ಸಂಬಳ ಕಡಿಯದೆ ಅವರನ್ನು ಕಳುಹಿಸುವುದು ಧಣಿಗಳ ಪಾಲಿನ ಕೆಲಸ. ವರ್ಷಕ್ಕೊಂದು ಸಮಾರಂಭದ ಹಾರತುರಾಯಿಯ ಖರ್ಚಿನಲ್ಲಿ ಇದು ನಡೆದೀತು.

ಇದನ್ನು ಓದುತ್ತಿರುವ ಹೋಟೆಲು ಕೆಲಸಗಾರ ಬಂಧುಗಳಿಗೂ ಒಂದು ವಿನಂತಿ. ಪಕ್ಕದ ಹಾಸಿಗೆಯವನು ರಾತ್ರಿ ಎದ್ದು ಕೂತಿರುವುದು ಮೊದಲು ತಿಳಿಯುವುದು ನಿಮಗೆ. ಚಾಡಿಯಾದೀತೆಂದು ಸುಮ್ಮನಿರಬೇಡಿ. ಮೊದಲು ಅವನನ್ನೇ ಕೇಳಿ. ಆಮೇಲೆ ಅವನನ್ನು ಒಪ್ಪಿಸಿ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. ಪ್ರಾಣಕ್ಕೆ ಅಪಾಯವೆಂದು ತೋರಿದರೆ ಒಪ್ಪಿಗೆಗಾಗಿ ಕಾಯಬೇಡಿ. ಎದ್ದು ಕೂತಿರುವವನು ನೀವೇ ಆಗಿದ್ದರೆ, ಕೇಳುವುದರಲ್ಲಿ ಅವಮಾನವಿಲ್ಲ.

ಕುಂದಾಪುರದ ಆ ಹುಡುಗ ಗುಣವಾದ. ಊರಿನ ಬಸ್ಸು ನಿಲ್ದಾಣದ ಬಳಿ ಸಣ್ಣ ಚಹಾದಂಗಡಿ ಇಟ್ಟಿದ್ದಾನೆ. ಹೋದ ವರ್ಷ ಆ ದಾರಿಯಲ್ಲಿ ಹೋಗುವಾಗ ಇಳಿದು ಮಾತನಾಡಿಸಿದೆ. ಏಳು ಗ್ಲಾಸಿನ ಹಣವನ್ನು ಅವನ ಅಣ್ಣನ ಕೈಯಲ್ಲಿ ಅಂದೇ ಕೊಟ್ಟಿದ್ದೆ; ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ. ಚಹಾ ಕುಡಿದು ಹೊರಡುವಾಗ ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ಈಗ ನಿದ್ದೆ ಬರುತ್ತದೆಯೆ?" ಎಂದು ಕೇಳಿದೆ. ಅವನು ನಕ್ಕು, "ಬರುತ್ತದೆ ಧಣಿ" ಎಂದ. ಈ ಒಂದು ಪ್ರಶ್ನೆಯನ್ನು 2013ರಲ್ಲಿಯೇ ಕೇಳಲು ನನಗೆ ಯಾರಾದರೂ ಕಲಿಸಿದ್ದರೆ ಆಗುತ್ತಿತ್ತು.